ಮಲೆನಾಡಿನ ಒಂಟಿಮನೆ ಮತ್ತು ಅದರ ಮಲಕುಂಡ

ಪಟ್ಟಣದ ಮನೆಯಲ್ಲಿ ನೀರು ಕೊಳಾಯಿಯಿಂದ ಬರುತ್ತದೆ, ಚರಂಡಿಯಿಂದ ಹೋಗುತ್ತದೆ. ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ವಿಚಾರಿಸುವ ಪ್ರಮೇಯ ನಮಗೆ ಬರುವುದಿಲ್ಲ. ತೆರಿಗೆಯನ್ನು ಸಲ್ಲಿಸಿದರೆ ನಮ್ಮ ಹೊಣೆ ತೀರಿತೆಂದು ಭಾವಿಸುತ್ತೇವೆ. ಆದರೆ ನಮ್ಮಲ್ಲಿ ಅನೇಕರಿಗೆ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಸಿದ್ದಾಪುರಗಳ ಸೀಮೆಯಲ್ಲೋ ಕೊಡಗಿನಲ್ಲೋ ಹಿರಿಯರು ಬಿಟ್ಟುಹೋದ ಮನೆಯೊಂದು ಉಂಟು. ಇತ್ತೀಚೆಗೆ ವಿಶ್ರಾಂತಿಗೆಂದು ಅಲ್ಲಿ ಹೊಸದಾಗಿ ಮನೆ ಕಟ್ಟಿಸಿಕೊಂಡವರೂ ಉಂಟು. ಅಲ್ಲಿಯ ಸ್ಥಿತಿ ಬೇರೆ. ರಸ್ತೆ ಗುಡ್ಡದ ಮೇಲಿರುತ್ತದೆ, ಮನೆ ತೋಟದ ಅಂಚಿನಲ್ಲಿ ತಗ್ಗಿನಲ್ಲಿರುತ್ತದೆ. ನಡುವೆ ಒಂದು ಹಳ್ಳ, ಹಳ್ಳಕ್ಕೆ ಒಂದು ಕಾಲುಸಂಕ. ಮಲಕುಂಡವನ್ನು ಬರಿದುಮಾಡುವ ಹೀರುಗೊಳವೆಯ ಲಾರಿ ಆ ಮನೆಯ ಅಂಗಳಕ್ಕೆ ಬರಲಾರದು. ಹೀಗಿರುವಲ್ಲಿ ಮನೆಯ ಯಜಮಾನನೇ ಪುರಸಭೆ, ಅವನೇ ಆರೋಗ್ಯಾಧಿಕಾರಿ, ಅವನೇ ಎಂಜಿನಿಯರು.

ಇಂಥ ಮನೆಯ ಸೆಪ್ಟಿಕ್ ಟ್ಯಾಂಕನ್ನು ಸುಸ್ಥಿತಿಯಲ್ಲಿಡುವುದು ಹೇಗೆ ಎಂಬುದು ಈ ದಿನದ ವಿಷಯ. ವಿಷಯವು ರುಚಿಕರವಲ್ಲದಿರಬಹುದು, ಆದರೆ ಇದರಲ್ಲಿ ಮನೆಯ ಬಾವಿಯ ನೀರಿನ ಪ್ರಶ್ನೆಯಿದೆ, ಅದಕ್ಕಿಂತ ಮಿಗಿಲಾಗಿ ಮನುಷ್ಯರ ಪ್ರಾಣದ ಪ್ರಶ್ನೆಯಿದೆ. ಆದಕಾರಣ ಸಂಕೋಚವನ್ನು ಬದಿಗಿಟ್ಟು ವಿಚಾರಮಾಡೋಣ.

ಮೊದಲು ಈ ಕುಂಡವು ಮಾಡುವ ಕೆಲಸವೇನೆಂಬುದನ್ನು ತಿಳಿಯಬೇಕು. ಇದರ ಮೂಲಕಲ್ಪನೆ ಫ್ರಾನ್ಸ್ ದೇಶದ ಲೂಯಿ ಮೂರಾ ಎಂಬವನದು. ಅವನು ತನ್ನ ಉಪಾಯಕ್ಕೆ ೧೮೮೧ರಲ್ಲಿ ಹಕ್ಕುಪತ್ರವನ್ನು ಪಡೆದನು. ಇಂಗ್ಲೆಂಡಿನ ಎಕ್ಸಿಟರ್ ನಗರದ ಡೊನಾಲ್ಡ್ ಕ್ಯಾಮೆರಾನ್ ಎಂಬವನು ೧೮೯೫ರ ಸುಮಾರಿನಲ್ಲಿ ಇದನ್ನು ಸುಧಾರಿಸಿ ‘ಸೆಪ್ಟಿಕ್ ಟ್ಯಾಂಕ್’ ಎಂಬ ಹೆಸರನ್ನು ಬಳಕೆಗೆ ತಂದನು. ನೀರು ಸೋರದಂತೆ ಕಟ್ಟಿದ ಒಂದು ತೊಟ್ಟಿ. ಒಂದು ತುದಿಯಲ್ಲಿ ಮಲಿನಜಲ ಒಳಬರುತ್ತದೆ, ಇನ್ನೊಂದು ತುದಿಯಲ್ಲಿ ಅಷ್ಟೇ ನೀರು ಹೊರಹೋಗುತ್ತದೆ. ನಡುವೆ ಒಂದೆರಡು ದಿನ ನೀರು ನಿಶ್ಚಲವಾಗಿ ನಿಲ್ಲುವುದರಿಂದ ಭಾರವಾದುದು ತಳಕ್ಕಿಳಿದು ಗಸಿಯಾಗುತ್ತದೆ. ಹಗುರವಾದ ಜಿಡ್ಡು ಮೇಲೆ ತೇಲಿ ಕೆನೆಗಟ್ಟುತ್ತದೆ. ಗಾಳಿಯಿಲ್ಲದ ಕಡೆ ಬಾಳುವ ಸೂಕ್ಷ್ಮಜೀವಿಗಳು ಈ ಗಸಿಯ ಒಂದು ಭಾಗವನ್ನು ಜೀರ್ಣಿಸಿ ಅನಿಲವನ್ನಾಗಿಯೂ ನೀರನ್ನಾಗಿಯೂ ಮಾರ್ಪಡಿಸುತ್ತವೆ. ಜೀರ್ಣವಾಗದೆ ಉಳಿದುದು ವರ್ಷವರ್ಷವೂ ತಳದಲ್ಲಿ ಬೆಳೆಯುತ್ತ ಹೋಗುತ್ತದೆ.

ಇಲ್ಲಿ ಎರಡು ತಪ್ಪು ತಿಳುವಳಿಕೆಗಳು ನಮ್ಮ ಜನರಲ್ಲಿ ಬೇರೂರಿವೆ. ಚೆನ್ನಾಗಿ ಕಟ್ಟಿದ ಕುಂಡವು ಎಂದೂ ತುಂಬುವುದಿಲ್ಲವೆಂಬುದು ಒಂದು. ಹಾಗೆ ತುಂಬದಿರುವ ಕುಂಡಗಳು ಹಲವೆಡೆ ಇರುವುದು ನಿಜ. ಆದರೆ ಅವು ತುಂಬದಿರುವುದು ತಳವಿಲ್ಲದ ಕಾರಣದಿಂದ, ಎಂದರೆ ಮಲವೆಲ್ಲ ನೆಲಕ್ಕೆ, ನೆಲದಿಂದ ಬಾವಿಗೆ ಹೋಗುತ್ತಿರುವ ಕಾರಣದಿಂದ. ಕುಂಡದಿಂದ ಹೊರಬರುವ ನೀರು ಶುದ್ಧವಾದುದೆಂಬುದು ಎರಡನೆಯದು. ಅದು ನೋಡಲು ತಿಳಿಯಾಗಿದ್ದರೂ ರೋಗಾಣುಗಳಿಂದಲೂ ಹುಳುಗಳ ತತ್ತಿಗಳಿಂದಲೂ ಕೂಡಿದುದು. ಅದನ್ನು ಇಂಗುಗುಂಡಿಯ ಮೂಲಕ ಮಣ್ಣಿಗೆ ಸೇರಿಸಿ, ಮಣ್ಣಿನಿಂದ ಶೋಧಿಸಿಕೊಳ್ಳಬೇಕೇ ವಿನಾ ಬಯಲಿಗಾಗಲಿ ಹಳ್ಳಕ್ಕಾಗಲಿ ಬಿಡತಕ್ಕದ್ದಲ್ಲ.

ಕುಂಡದ ಅಳತೆಯ ವಿಷಯದಲ್ಲಿ ಭಾರತೀಯ ಮಾನಕಗಳ ೨೪೭೦ನೆಯ ಸಂಖ್ಯೆಯ ಸಂಹಿತೆ ನಮಗೆ ದಾರಿ ತೋರಿಸುತ್ತದೆ. ಹತ್ತು ಜನರ ಮನೆಗೆ, ಎರಡು ವರ್ಷಕ್ಕೊಮ್ಮೆ ಬರಿದುಮಾಡುವುದಾದರೆ, ೨ ಮೀಟರು ಉದ್ದ, ೦.೯ ಮೀಟರು ಅಗಲ, ನೀರಿನ ಆಳ ೧.೪ ಮೀಟರು ಇರಬೇಕೆಂದು ಅದು ಹೇಳುತ್ತದೆ. ಇದರಲ್ಲಿ ಹಿಡಿಯುವ ನೀರು ಸುಮಾರು ೨,೫೦೦ ಲೀಟರು. ಲಾರಿ ಬರಲಾರದ ಮನೆಗೆ ಇದಕ್ಕಿಂತ ದೊಡ್ಡ ಕುಂಡವನ್ನು ಕಟ್ಟುವುದು ಜಾಣತನ. ಕಟ್ಟುವಾಗ ಅಧಿಕವಾಗುವ ವೆಚ್ಚ ಒಂದೇ ಸಲದ್ದು. ಬರಿದುಮಾಡುವ ತೊಂದರೆಯೋ ಮನೆಯಿರುವವರೆಗೂ ಬೆನ್ನುಬಿಡದು.

ಹೊಸ ಕುಂಡವನ್ನು ಬಳಕೆಗೆ ತರುವಾಗ ಹೊರಗೊಳವೆಯ ಮಟ್ಟದವರೆಗೆ ನೀರು ತುಂಬಿಸಿ, ನಡೆಯುತ್ತಿರುವ ಬೇರೊಂದು ಕುಂಡದ ಗಸಿಯನ್ನು ಸ್ವಲ್ಪ ಹಾಕುವುದು ಕ್ರಮ. ಮೊಸರಿಗೆ ಹೆಪ್ಪು ಹಾಕಿದಂತೆ. ಅದು ದೊರೆಯದಿದ್ದರೆ ಕೊಳೆತ ಸಗಣಿಯೂ ಆದೀತು. ಅಲ್ಲಿಂದ ಮುಂದೆ ಯಾವ ಮದ್ದೂ ಬೇಕಿಲ್ಲ. ತಿಂಗಳಿಗೊಂದು ಪೊಟ್ಟಣ ಸುರಿದರೆ ಕುಂಡವನ್ನು ಬರಿದುಮಾಡಬೇಕಾಗಿಯೇ ಇಲ್ಲವೆಂದು ಸಾರುವ ಪುಡಿಗಳನ್ನು ಅಂಗಡಿಗಳಲ್ಲಿ ಮಾರುತ್ತಾರೆ. ಕುಂಡಕ್ಕೆ ಬೇಕಾದ ಜೀವಿಗಳು ನಮ್ಮ ಶರೀರದಿಂದಲೇ ದಿನದಿನವೂ ಹೇರಳವಾಗಿ ಬೀಳುತ್ತಿರುವಾಗ ಅವನ್ನು ಹಣ ಕೊಟ್ಟು ತರುವುದರಲ್ಲಿ ಅರ್ಥವಿಲ್ಲ.

ಕುಂಡಕ್ಕೆ ಏನನ್ನು ಹಾಕಬಾರದೆಂಬುದೇ ಮುಖ್ಯ. ಬಟ್ಟೆ, ಹತ್ತಿ, ಪ್ಲಾಸ್ಟಿಕ್, ಕೂದಲು, ಮುಸುರೆ, ಎಣ್ಣೆಯ ಜಿಡ್ಡು ಇವು ಜೀರ್ಣವಾಗುವುದಿಲ್ಲ, ಇಲ್ಲವೆ ಬಹಳ ನಿಧಾನವಾಗಿ ಆಗುತ್ತವೆ. ಫಿನಾಯಿಲು, ಬ್ಲೀಚಿಂಗ್ ಪುಡಿ, ಆಮ್ಲ ಮೊದಲಾದುವನ್ನು ಧಾರಾಳವಾಗಿ ಸುರಿದರೆ ಕೆಲಸಮಾಡುವ ಜೀವಿಗಳೇ ಸಾಯುತ್ತವೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲ ನೀರನ್ನು ಬಾಳೆಯ ಬುಡಕ್ಕೋ ಅಡಕೆಯ ತೋಟಕ್ಕೋ ಹರಿಯಬಿಡುವ ವಾಡಿಕೆಯಿದೆ. ಇದು ವಿಜ್ಞಾನಕ್ಕೆ ಸಮ್ಮತವಾದ ವಾಡಿಕೆ. ಸ್ನಾನದ ನೀರು, ಬಟ್ಟೆ ಒಗೆದ ನೀರು ಬೇರೆಯಾಗಿ ಹೋದರೆ ಕುಂಡದಲ್ಲಿ ಮಲಿನಜಲ ಹೆಚ್ಚು ಹೊತ್ತು ನಿಲ್ಲುತ್ತದೆ, ಇಂಗುಗುಂಡಿಯ ಹೊರೆಯೂ ಕಡಮೆಯಾಗುತ್ತದೆ. ಮದುವೆ, ಶ್ರಾದ್ಧ, ಹಬ್ಬಗಳಲ್ಲಿ ಇಪ್ಪತ್ತು ಮೂವತ್ತು ಜನ ಒಮ್ಮೆಲೆ ಬಂದಿಳಿದಾಗ ಈ ಬೇರ್ಪಡಿಕೆಯ ಬೆಲೆ ಗೊತ್ತಾಗುತ್ತದೆ. ಆಗ ನೀರು ರಭಸದಿಂದ ನುಗ್ಗಿ, ತಳದ ಗಸಿಯನ್ನು ಕದಡಿ, ಇಂಗುಗುಂಡಿಗೆ ಸಾಗಿಸಿಬಿಡುವ ಸಂಭವವಿದೆ. ಗಸಿಯಿಂದ ಒಮ್ಮೆ ಮುಚ್ಚಿಹೋದ ಇಂಗುಗುಂಡಿಯನ್ನು ಸರಿಪಡಿಸುವುದು ಬಹು ಪ್ರಯಾಸದ ಕೆಲಸ. ಎಷ್ಟೋ ವೇಳೆ ಹೊಸದನ್ನೇ ತೋಡಬೇಕಾಗುತ್ತದೆ.

ತಿಂಗಳುಗಟ್ಟಲೆ ಬೀಗ ಹಾಕಿದ ಮನೆಯಲ್ಲಿ ಕುಂಡಕ್ಕೆ ಹಾನಿಯೇನೂ ಇಲ್ಲ. ಆದರೆ ಪಾಯಖಾನೆಯ ಬೋಗುಣಿಯಲ್ಲಿ ನಿಂತ ನೀರು ಆವಿಯಾಗಿ ಹೋದರೆ ಕುಂಡದ ದುರ್ಗಂಧವೂ ಸೊಳ್ಳೆಯೂ ನೇರವಾಗಿ ಮನೆಯೊಳಗೆ ಬರುತ್ತವೆ. ಮನೆಯನ್ನು ನೋಡಿಕೊಳ್ಳುವವರಿಗೆ ಎರಡು ವಾರಕ್ಕೊಮ್ಮೆ ಒಂದು ಬಕೆಟ್ಟು ನೀರು ಸುರಿಯುವಂತೆ ಹೇಳಿದರೆ ಸಾಕು. ಕುಂಡದ ಗಾಳಿಗೊಳವೆಯ ತುದಿಗೆ ಸಣ್ಣ ಕಣ್ಣಿನ ಬಲೆಯನ್ನು ಕಟ್ಟಿರಬೇಕು. ಇಲ್ಲದಿದ್ದರೆ ಕುಂಡವೇ ಸೊಳ್ಳೆಗಳ ತವರಾಗುತ್ತದೆ.

ಕುಂಡವನ್ನು ಯಾವಾಗ ಬರಿದುಮಾಡಬೇಕು? ಉಕ್ಕಿದ ಮೇಲೆ ಎಂಬುದು ಸಾಮಾನ್ಯ ಉತ್ತರ. ಅದೇ ಎಲ್ಲಕ್ಕಿಂತ ಕೆಟ್ಟ ಉತ್ತರ. ವರ್ಷಕ್ಕೊಮ್ಮೆ ಅಳೆದು ನೋಡಬೇಕು. ಉದ್ದವಾದ ಗಳುವೊಂದರ ಕೆಳತುದಿಗೆ ಬಿಳಿಯ ಬಟ್ಟೆಯನ್ನು ಸುತ್ತಿ, ಹೊರಗೊಳವೆಯ ಬಳಿ ತಳ ಮುಟ್ಟುವಂತೆ ಮೆಲ್ಲನೆ ಇಳಿಸಿ, ಕೆಲವು ನಿಮಿಷ ಹಿಡಿದು, ನೆಟ್ಟಗೆ ಮೇಲೆತ್ತಬೇಕು. ಬಟ್ಟೆಯ ಮೇಲೆ ಕಪ್ಪಾಗಿ ಅಂಟಿದಷ್ಟು ಎತ್ತರ ಗಸಿಯದು. ಇನ್ನೊಂದು ಗಳುವಿನ ತುದಿಗೆ ಚಿಕ್ಕ ಹಲಗೆಯನ್ನು ಅಡ್ಡಲಾಗಿ ಹೊಡೆದು, ಕೆನೆಯನ್ನು ತೂರಿಸಿ ಕೆಳಗಿಳಿಸಿ, ಮೆಲ್ಲನೆ ಮೇಲೆತ್ತಿದರೆ ಕೆನೆಯ ಅಡಿಭಾಗ ಹಲಗೆಗೆ ತಾಗಿದುದು ಕೈಗೆ ತಿಳಿಯುತ್ತದೆ. ಗಸಿ, ಕೆನೆ ಎರಡೂ ಸೇರಿ ನೀರಿನ ಆಳದ ಮೂರನೆಯ ಒಂದು ಪಾಲನ್ನು ಮುಟ್ಟಿದರೆ ಬರಿದುಮಾಡುವ ಏರ್ಪಾಡನ್ನು ಆರಂಭಿಸತಕ್ಕದ್ದು. ಮೇಲೆ ಹೇಳಿದ ೧.೪ ಮೀಟರು ಆಳದ ಕುಂಡದಲ್ಲಿ ಈ ಗುರುತು ಸುಮಾರು ೪೭ ಸೆಂಟಿಮೀಟರು. ಅಳೆಯುವಾಗ ಮುಚ್ಚಳವನ್ನು ತೆರೆದ ಕೂಡಲೆ ಬಗ್ಗಿ ನೋಡಬಾರದು; ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಗಾಳಿ ಬೀಸುವ ಕಡೆ ನಿಂತು ಅಳೆಯಬೇಕು. ಹತ್ತಿರದಲ್ಲಿ ಬೀಡಿ, ದೀಪ, ಬೆಂಕಿ ಕೂಡದು.

ಮುಂದಿನ ವರ್ಷಗಳ ಅಂದಾಜನ್ನೂ ಮಾಡಿಕೊಳ್ಳಬಹುದು. ಬಚ್ಚಲ ನೀರೂ ಸೇರಿದ ಕುಂಡದಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು ೪೦ ಲೀಟರು, ಸೇರದ ಕುಂಡದಲ್ಲಿ ೨೫ ಲೀಟರು ಗಸಿ ಶೇಖರವಾಗುವುದೆಂದು ಲೆಕ್ಕ ಹಿಡಿಯುವುದುಂಟು. ಹತ್ತು ಜನ ವರ್ಷವಿಡೀ ಇದ್ದರೆ ೪೦ರ ಲೆಕ್ಕದಲ್ಲಿ ವರ್ಷಕ್ಕೆ ೪೦೦ ಲೀಟರು. ೨,೫೦೦ ಲೀಟರಿನ ಕುಂಡದ ಮೂರನೆಯ ಒಂದು ಪಾಲು ಎರಡು ವರ್ಷದಲ್ಲಿ ತುಂಬುತ್ತದೆ. ಅದೇ ಮನೆಯಲ್ಲಿ ಇಬ್ಬರು ಮಾತ್ರ ವಾಸವಾಗಿದ್ದು, ಬೇಸಿಗೆಯ ಒಂದು ತಿಂಗಳು ಎಂಟು ಜನ ನೆಂಟರು ಬಂದು ಹೋಗುವುದಾದರೆ ವರ್ಷಕ್ಕೆ ಸುಮಾರು ೧೦೭ ಲೀಟರು. ಲೆಕ್ಕದ ಪ್ರಕಾರ ಏಳೆಂಟು ವರ್ಷ ಬೇಕು. ಆದರೂ ಲೆಕ್ಕವನ್ನೇ ನಂಬಿ ಅಷ್ಟು ಕಾಲ ಸುಮ್ಮನಿರುವುದು ಸರಿಯಲ್ಲ. ಬಹುಕಾಲ ಕುಳಿತ ಗಸಿ ಗಟ್ಟಿಯಾಗಿ ಪಂಪಿಗೆ ಏರದೆ ಹೋಗುತ್ತದೆ. ಗಳುವಿನ ಸಾಕ್ಷ್ಯವೇ ಕೊನೆಯ ಸಾಕ್ಷ್ಯ.

ಇನ್ನು ಮಳೆಯ ವಿಚಾರ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕ ಮಳೆ ಬೀಳುತ್ತದೆ. ಆಷಾಢ ಶ್ರಾವಣಗಳಲ್ಲಿ ಬಾವಿಯ ನೀರು ಕೈಗೆಟುಕುವಷ್ಟು ಮೇಲೆ ಬರುವ ಮನೆಗಳು ಮಲೆನಾಡಿನಲ್ಲಿ ವಿರಳವಲ್ಲ. ಬಾವಿಯಲ್ಲಿ ನೀರು ಏರಿತೆಂದರೆ ಇಂಗುಗುಂಡಿಯಲ್ಲಿಯೂ ಏರಿತೆಂದೇ ಅರ್ಥ. ಆಗ ಗುಂಡಿ ಇಂಗಿಸುವುದನ್ನು ಬಿಟ್ಟು ತಾನೇ ತುಂಬಿ ನಿಲ್ಲುತ್ತದೆ, ಮಲಿನಜಲ ಅಂತರ್ಜಲದೊಡನೆ ನೇರವಾಗಿ ಬೆರೆಯುತ್ತದೆ. ಇಂಗುಗುಂಡಿಯು ಕುಡಿಯುವ ನೀರಿನ ಬಾವಿಗೆ ೧೮ ಮೀಟರಿಗಿಂತಲೂ, ವಾಸದ ಮನೆಗೆ ೬ ಮೀಟರಿಗಿಂತಲೂ ಹತ್ತಿರವಿರಬಾರದೆಂಬುದು ಮಾನಕದ ನಿಯಮ. ಜಂಬಿಟ್ಟಿಗೆಯ ನೆಲದಲ್ಲಿ ಈ ಅಂತರವನ್ನು ಕನಿಷ್ಠವೆಂದು ಮಾತ್ರ ಎಣಿಸಬೇಕು. ಆ ಕಲ್ಲಿನಲ್ಲಿ ರಂಧ್ರಗಳೂ ಬಿರುಕುಗಳೂ ತುಂಬಿರುವುದರಿಂದ ನೀರು ಶೋಧನೆಯಾಗದೆ ದೂರ ಹರಿದುಬಿಡಬಹುದು. ಸಾಧ್ಯವಾದಷ್ಟು ದೂರದಲ್ಲಿ, ಬಾವಿಗಿಂತ ಇಳಿಜಾರಿನ ಕಡೆಯಲ್ಲಿ ಗುಂಡಿಯಿರಬೇಕು. ನೀರು ಬಹಳ ಮೇಲೆ ಬರುವ ಸ್ಥಳದಲ್ಲಿ ಗುಂಡಿಯನ್ನು ಆಳಮಾಡುವ ಬದಲು ನೆಲದ ಮೇಲೆ ಮರಳು ಮಣ್ಣುಗಳ ದಿಬ್ಬವನ್ನೆಬ್ಬಿಸಿ ಅದರಲ್ಲಿ ಇಂಗಿಸುವುದು ಮೇಲು. ಸೂರಿನ ನೀರು, ಅಂಗಳದ ನೀರು ಕುಂಡದ ಕಡೆಗೆ ಹರಿಯದಂತೆ ಮೇಲ್ಗಡೆ ಒಂದು ಕಾಲುವೆಯನ್ನು ತೆಗೆದು, ಕುಂಡದ ಮುಚ್ಚಳವನ್ನು ನೆಲದ ಮಟ್ಟಕ್ಕಿಂತ ಎತ್ತರಿಸಿರಬೇಕು. ಇಷ್ಟಾದರೂ ಮಳೆಗಾಲದಲ್ಲಿ ಬಾವಿಯ ನೀರನ್ನು ಕಾಯಿಸಿ ಕುಡಿಯುವುದೇ ಕ್ಷೇಮ.

ಬರಿದುಮಾಡಲು ತಕ್ಕ ಕಾಲ ಸಂಕ್ರಾಂತಿ ಕಳೆದ ಮೇಲೆ, ಮುಂಗಾರಿಗೆ ಮುಂಚೆ. ಆಗ ದಾರಿ ಒಣಗಿರುತ್ತದೆ, ಅಂತರ್ಜಲ ತಗ್ಗಿರುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕುಂಡವನ್ನು ಬರಿದುಮಾಡಿದರೆ ಸುತ್ತಲಿನ ನೀರು ಅದನ್ನು ದೋಣಿಯಂತೆ ಮೇಲಕ್ಕೆ ತೇಲಿಸಿ ಕೊಳವೆಗಳನ್ನು ಮುರಿಯಬಹುದು. ಬರಿದುಮಾಡುವಾಗ ತಳದಲ್ಲಿ ಒಂದಂಗುಲದಷ್ಟು ಗಸಿಯನ್ನು ಹೆಪ್ಪಾಗಿ ಬಿಟ್ಟು, ಕೂಡಲೆ ನೀರು ತುಂಬಿಸಬೇಕು.

ಲಾರಿ ರಸ್ತೆಯಲ್ಲೇ ನಿಲ್ಲುವುದಾದರೆ ಉಪಾಯವೇನು? ಇಲ್ಲಿ ಒಂದು ಭೌತಿಕ ನಿಯಮವನ್ನು ನೆನಪಿನಲ್ಲಿಡಬೇಕು. ಹೀರುವ ಯಂತ್ರವು ನೀರನ್ನು ನಿಜವಾಗಿ ಎಳೆಯುವುದಿಲ್ಲ. ಕೊಳವೆಯೊಳಗಿನ ಗಾಳಿಯನ್ನು ತೆಗೆಯುತ್ತದೆ, ಹೊರಗಿನ ವಾಯುಮಂಡಲ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರದ ಮಟ್ಟದಲ್ಲಿ ಈ ತಳ್ಳುವಿಕೆಯ ಪರಮಾವಧಿ ಸುಮಾರು ೧೦.೩ ಮೀಟರು, ೧,೦೦೦ ಮೀಟರು ಎತ್ತರದ ಊರಿನಲ್ಲಿ ಅದು ೯ ಮೀಟರಿನ ಸುಮಾರಿಗೆ ಇಳಿಯುತ್ತದೆ. ಕೊಳವೆಯ ಘರ್ಷಣೆಯನ್ನೂ ಗಸಿಯ ಮಂದತೆಯನ್ನೂ ಕಳೆದರೆ ವ್ಯವಹಾರದಲ್ಲಿ ಆರು ಏಳು ಮೀಟರಿಗಿಂತ ಹೆಚ್ಚು ದಕ್ಕುವುದಿಲ್ಲ. ಆದುದರಿಂದ ರಸ್ತೆಯು ಕುಂಡಕ್ಕಿಂತ ಹದಿನೈದು ಮೀಟರು ಮೇಲಿದ್ದರೆ ಎಂಥ ಬಲವಾದ ಲಾರಿಯೂ ಅಲ್ಲಿಂದ ಹೀರಲಾರದು. ಆದರೆ ಕೆಳಗಿನಿಂದ ತಳ್ಳುವ ಪಂಪಿಗೆ ಈ ಮಿತಿಯಿಲ್ಲ. ಗಸಿಯನ್ನೆತ್ತಲು ತಕ್ಕ ಮುಳುಗುಪಂಪನ್ನು ಹಗ್ಗದಿಂದ ಕುಂಡಕ್ಕಿಳಿಸಿ, ಗಸಿಗೆ ನೀರು ಬೆರೆಸಿ ಸಡಿಲಿಸಿ, ಕೊಳವೆಯ ಮೂಲಕ ರಸ್ತೆಯ ಲಾರಿಗೇ ತಳ್ಳಬಹುದು. ಇಳಿಯುವುದು ಪಂಪು ಮಾತ್ರ, ಮನುಷ್ಯನಲ್ಲ. ರಸ್ತೆಯವರೆಗೆ ಒಂದು ಸ್ಥಿರವಾದ ಕೊಳವೆಯನ್ನು ಮೊದಲೇ ಹೂಳಿಸಿಟ್ಟರೆ ಪ್ರತಿಸಲದ ಪರದಾಟ ತಪ್ಪುತ್ತದೆ. ಮನೆಯೇ ಮೇಲಿದ್ದು ರಸ್ತೆ ಕೆಳಗಿದ್ದರೆ ಇನ್ನೂ ಸುಲಭ: ಕಟ್ಟುವಾಗಲೇ ಕುಂಡವನ್ನು ರಸ್ತೆಯ ಬಳಿ ಕಟ್ಟಿ, ನಾಲ್ಕಂಗುಲದ ಕೊಳವೆಯನ್ನು ಸಮನಾದ ಇಳಿಜಾರಿನಲ್ಲಿ ಅಲ್ಲಿಗೆ ಒಯ್ಯಬಹುದು, ತಿರುವುಗಳಲ್ಲಿ ತೆರೆದು ನೋಡಲು ತಕ್ಕ ಪೆಟ್ಟಿಗೆಗಳಿರಬೇಕು.

ಹೊಸದಾಗಿ ಕಟ್ಟುವವರಿಗೆ ಇನ್ನೊಂದು ಮಾರ್ಗವುಂಟು. ಚಿಕ್ಕ ಸಂಸಾರಕ್ಕೆ, ನೆಲ ಒಣಗಿರುವ ಕಡೆ, ಅದೇ ಎಲ್ಲಕ್ಕಿಂತ ಉತ್ತಮ. ಅದು ಜೋಡಿಗುಂಡಿಯ ಪಾಯಖಾನೆ. ಸುಮಾರು ಒಂದು ಮೀಟರು ವ್ಯಾಸದ, ಒಂದು ಮೀಟರಿಗೆ ಮಿಕ್ಕ ಆಳದ, ಗೋಡೆಯಲ್ಲಿ ಕಿಂಡಿಗಳುಳ್ಳ ಎರಡು ಗುಂಡಿಗಳು. ನಡುವಿನ ಪೆಟ್ಟಿಗೆಯಲ್ಲಿ ಒಂದು ದಾರಿಯನ್ನು ಮುಚ್ಚಿ, ಇನ್ನೊಂದು ಗುಂಡಿಯನ್ನು ಮಾತ್ರ ಬಳಸುತ್ತಾರೆ. ಐದು ಜನರ ಸಂಸಾರಕ್ಕೆ ಅದು ತುಂಬಲು ಸುಮಾರು ಮೂರು ವರ್ಷ ಬೇಕು. ಆಮೇಲೆ ಎರಡನೆಯದನ್ನು ಬಳಸುತ್ತ ಮೊದಲನೆಯದಕ್ಕೆ ಎರಡು ವರ್ಷ ಪೂರ್ಣ ವಿಶ್ರಾಂತಿ ಕೊಟ್ಟರೆ ಅದರೊಳಗಿನ ಮಲ ಒಣಗಿ, ವಾಸನೆಯಿಲ್ಲದ ಮಣ್ಣಾಗಿ, ಗಿಡಮರಗಳಿಗೆ ಗೊಬ್ಬರವಾಗುತ್ತದೆ. ಲಾರಿಯೂ ಬೇಡ, ಪಂಪೂ ಬೇಡ. ಬಚ್ಚಲ ನೀರನ್ನು ಇದಕ್ಕೆ ಸೇರಿಸತಕ್ಕದ್ದಲ್ಲ. ಮಳೆಗಾಲದಲ್ಲಿ ನೀರು ನುಗ್ಗುವ ಕಡೆ ಗುಂಡಿಗಳನ್ನು ನೆಲದಿಂದ ಎತ್ತರಿಸಿ ಕಟ್ಟತಕ್ಕದ್ದು.

ಸೆಪ್ಟಿಕ್ ಟ್ಯಾಂಕಿನಿಂದ ತೆಗೆದ ಹಸಿ ಗಸಿಯ ವಿಷಯ ಹಾಗಲ್ಲ. ಅದರಲ್ಲಿ ಜಂತುಹುಳುಗಳ ತತ್ತಿಗಳು ಬಹುಕಾಲ ಜೀವಂತವಾಗಿರುತ್ತವೆ. ಅದನ್ನು ರಾತ್ರಿಯ ವೇಳೆ ಹಳ್ಳಕ್ಕೆ ಸುರಿದು ಹೋಗುವ ಲಾರಿಗಳಿಗೆ ಹಣ ಕೊಟ್ಟವರು ಕೆಳಗಿನ ಊರಿನ ಕುಡಿಯುವ ನೀರಿಗೆ ವಿಷ ಹಾಕಿಸಿದಂತೆಯೇ ಸರಿ. ಲಾರಿಯವನು ಎಲ್ಲಿ ಸುರಿಯುತ್ತಾನೆಂಬುದನ್ನು ಮೊದಲೇ ಕೇಳಿ ತಿಳಿಯುವುದು ಯಜಮಾನನ ಕರ್ತವ್ಯ. ಇಂಥ ಗಸಿಯನ್ನು ಸಂಸ್ಕರಿಸುವ ಸ್ಥಾವರವು ದೇವನಹಳ್ಳಿಯಲ್ಲಿ ೨೦೧೫ರಲ್ಲಿ ಆರಂಭವಾಯಿತು. ಅನಂತರ ಬೇರೆ ಊರುಗಳಲ್ಲಿಯೂ ಆಗಿವೆ. ಸ್ಥಾವರ ದೂರವಾದರೆ, ಗ್ರಾಮ ಪಂಚಾಯಿತಿಯ ಅನುಮತಿ ಪಡೆದು, ಸ್ವಂತ ಜಮೀನಿನಲ್ಲಿ ಬಾವಿಗೂ ಹಳ್ಳಕ್ಕೂ ದೂರವಾದ ಎತ್ತರದ ಜಾಗದಲ್ಲಿ, ಬೇಸಿಗೆಯಲ್ಲಿ ಕಂದಕ ತೋಡಿ ಗಸಿಯನ್ನು ಸುರಿದು ಮಣ್ಣಿನಿಂದ ದಪ್ಪನಾಗಿ ಮುಚ್ಚಿ, ಮೇಲೆ ಮರ ನೆಡಬಹುದು. ಕಾಯಿಪಲ್ಲೆ ಬೆಳೆಯುವ ಜಾಗಕ್ಕೆ ಮಾತ್ರ ಅದನ್ನು ಹಾಕಕೂಡದು.

ಕಡೆಯದಾಗಿ ಎಲ್ಲಕ್ಕಿಂತ ಗುರುತರವಾದ ಮಾತು. ಯಾವ ಕಾರಣಕ್ಕೂ, ಎಷ್ಟು ಹೊತ್ತಿಗೂ, ಯಾರನ್ನೂ ಕುಂಡದೊಳಗೆ ಇಳಿಸಬಾರದು. ಕುಂಡದಲ್ಲಿ ಆಮ್ಲಜನಕ ತೀರ ಕಡಮೆ. ಉರಿಯುವ ಮೀಥೇನ್ ಅನಿಲವೂ, ಗಂಧಕ ಜಲಜನಕಗಳು ಕೂಡಿದ ವಿಷಾನಿಲವೂ ಇರುತ್ತವೆ. ಈ ವಿಷಾನಿಲವು ಕೊಳೆತ ಮೊಟ್ಟೆಯ ವಾಸನೆಯುಳ್ಳದ್ದು. ಆದರೆ ಅದರ ಪ್ರಮಾಣ ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಉಡುಗಿಸಿಬಿಡುತ್ತದೆ. ವಾಸನೆ ಇಲ್ಲವಾಯಿತು, ಅಪಾಯ ತೀರಿತು ಎಂದುಕೊಂಡ ಗಳಿಗೆಯೇ ಪ್ರಾಣಾಂತಿಕವಾದ ಗಳಿಗೆ. ಗಸಿಯನ್ನು ಕದಡಿದಾಗ ಅದರಲ್ಲಿ ಅಡಗಿದ್ದ ಅನಿಲ ಒಮ್ಮೆಗೇ ಹೊರಬರುತ್ತದೆ. ಒಳಗೆ ಬಿದ್ದವನನ್ನು ಎತ್ತಲು ಅಣ್ಣನೋ ಜೊತೆಗಾರನೋ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಒಂದೇ ಕುಂಡದಲ್ಲಿ ಇಬ್ಬರು ಮೂವರು ಸತ್ತ ದುರಂತಗಳು ನಮ್ಮ ದೇಶದಲ್ಲಿ ಮತ್ತೆ ಮತ್ತೆ ನಡೆದಿವೆ. ಕುಂಡದೊಳಗೆ ಯಾರಾದರೂ ಬಿದ್ದರೆ ಮೇಲಿದ್ದವರು ಇಳಿಯದೆ, ಅಗ್ನಿಶಾಮಕ ದಳವನ್ನು ಕರೆಸಿ, ಹಗ್ಗದಿಂದ ಎತ್ತಲು ಯತ್ನಿಸುವುದೊಂದೇ ದಾರಿ. ದಳವು ತಲಪಲು ಗಂಟೆಗಳೇ ಹಿಡಿಯುವ ಒಂಟಿಮನೆಯಲ್ಲಿ ಈ ಸಂದರ್ಭವೇ ಬರದಂತೆ ನೋಡಿಕೊಳ್ಳುವುದು ನಿಜವಾದ ರಕ್ಷಣೆ. ಮಕ್ಕಳು ಎತ್ತಲಾರದಂಥ ಭಾರವಾದ ಮುಚ್ಚಳ, ಅದಕ್ಕೊಂದು ಬೀಗ ಇರಲೇಬೇಕು.

ನಮ್ಮ ನಾಡಿನಲ್ಲಿ ಈ ಕೆಲಸವನ್ನು ಒಂದು ಜಾತಿಯವರ ತಲೆಯ ಮೇಲೆ ಹೊರಿಸಿ ಉಳಿದವರು ಮೂಗು ಮುಚ್ಚಿಕೊಂಡು ಬಾಳಿದ್ದು ದೀರ್ಘಕಾಲದ ಅನ್ಯಾಯ. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ೧೯೭೦ರ ದಶಕದಲ್ಲಿ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ೨೦೧೩ರ ಕೇಂದ್ರ ಶಾಸನದ ಪ್ರಕಾರ ರಕ್ಷಣಾ ಸಾಮಗ್ರಿಗಳಿಲ್ಲದೆ ಮನುಷ್ಯನನ್ನು ಕುಂಡಕ್ಕಿಳಿಸಿ ಶುಚಿಮಾಡಿಸಿದವನಿಗೆ ಮೊದಲ ಅಪರಾಧಕ್ಕೇ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೆ ಎರಡು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಇಂಥ ಕೆಲಸದಲ್ಲಿ ಮಡಿದವರ ಕುಟುಂಬಕ್ಕೆ ೧೦ ಲಕ್ಷ ರೂಪಾಯಿ ಪರಿಹಾರ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೧೪ರಲ್ಲಿ ವಿಧಿಸಿತು. ೨೦೨೩ರಲ್ಲಿ ಅದನ್ನು ೩೦ ಲಕ್ಷಕ್ಕೆ ಏರಿಸಿತು. ಆದರೆ ಕಾನೂನಿನ ಕಣ್ಣು ಗುಡ್ಡದ ಆಚೆಯ ಒಂಟಿಮನೆಯವರೆಗೆ ಯಾವಾಗಲೂ ತಲಪುವುದಿಲ್ಲ. ಲಾರಿ ಬರುವುದಿಲ್ಲ, ಯಾರಾದರೂ ಬಡವನನ್ನು ಇಳಿಸಿದರಾಯಿತು ಎಂಬ ಆಲೋಚನೆ ಹುಟ್ಟುವುದು ಅಂಥ ಕಡೆಯಲ್ಲೇ. ಆ ಆಲೋಚನೆಗೆ ಎಡೆಗೊಡದಂತೆ ಮುಂಚಿತವಾಗಿ ಅಳೆದು, ಮುಂಚಿತವಾಗಿ ಏರ್ಪಾಡು ಮಾಡುವುದರಲ್ಲಿಯೇ ನಮ್ಮ ವಿದ್ಯೆಯೂ ನಾಗರಿಕತೆಯೂ ಇವೆ.

ಒಂದು ಚಿಕ್ಕ ಪುಸ್ತಕವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಅದರಲ್ಲಿ ಕುಂಡವಿರುವ ಸ್ಥಳದ ನಕ್ಷೆ, ಅದರ ಉದ್ದ ಅಗಲ ಆಳ, ಹೂಳಿದ ಕೊಳವೆಗಳ ದಾರಿ, ವರ್ಷವರ್ಷದ ಗಸಿಯ ಅಳತೆ, ಬರಿದುಮಾಡಿದ ದಿನ ಇವನ್ನು ಬರೆದಿಡಬೇಕು. ಮಕರ ಸಂಕ್ರಾಂತಿಯ ಮರುವಾರ ಅಳತೆಯ ದಿನವೆಂದು ಗೊತ್ತುಮಾಡಿಕೊಂಡರೆ ಮರೆಯುವಂತಿಲ್ಲ. ಗುರುತು ಮುಟ್ಟಿದ್ದರೆ ಮುಂಗಾರಿಗೆ ಇನ್ನೂ ನಾಲ್ಕು ತಿಂಗಳ ಅವಕಾಶವಿರುತ್ತದೆ. ನಾವು ಕಟ್ಟಿದ ಮನೆ ನಾಳೆ ಬೇರೆಯವರ ಕೈಸೇರಬಹುದು. ಗೋಡೆ ಮಾಡುಗಳು ಅವರ ಕಣ್ಣಿಗೆ ಕಾಣುತ್ತವೆ, ನೆಲದೊಳಗಿನದು ಕಾಣುವುದಿಲ್ಲ. ಅದನ್ನು ಅವರಿಗೆ ತಿಳಿಸುವುದು ಆ ಪುಸ್ತಕವೊಂದೇ.